ಎತ್ತರ ಬೇರೆ, ಬಿಗಿತ ಬೇರೆ: ಕಾರಿಗೆ ಕಾಯಿಲ್ ಸ್ಪ್ರಿಂಗ್ ಆರಿಸುವ ಲೆಕ್ಕ

ನಮ್ಮ ಹ್ಯಾಚ್‌ಬ್ಯಾಕ್ ಕಾರಿಗೆ ಸಿಎನ್‌ಜಿ ಕಿಟ್ ಹಾಕಿಸಿದ ಮೇಲೆ ಒಂದು ಹೊಸ ಶಬ್ದ ಶುರುವಾಯಿತು. ನಾನೊಬ್ಬನೇ ಓಡಿಸುವಾಗ ಏನೂ ಇರುತ್ತಿರಲಿಲ್ಲ. ಅಪ್ಪ, ಅಮ್ಮ, ಅತ್ತೆ ಹಿಂದೆ ಕೂತು, ಡಿಕ್ಕಿಯಲ್ಲಿ ಸಿಲಿಂಡರ್ ಪಕ್ಕದ ಸಂದಿಯಲ್ಲಿ ಬ್ಯಾಗುಗಳನ್ನು ತುರುಕಿ ಊರಿಗೆ ಹೊರಟರೆ ಮಾತ್ರ, ಹಿಂದಿನ ಚಕ್ರ ಹಂಪ್ ದಾಟಿದ ಕೂಡಲೇ ‘ಧಡ್’ ಎಂದು ಕೆಳಗಿನಿಂದ ಒಂದು ಏಟು. ಪ್ರತಿ ಸಲವೂ ಅಮ್ಮ ಸೊಂಟ ಹಿಡಿದುಕೊಳ್ಳುತ್ತಿದ್ದರು. ಒಂದು ಅಂಗಡಿಯಲ್ಲಿ ತೋರಿಸಿದಾಗ, ‘ಸ್ಪ್ರಿಂಗ್ ವೀಕ್ ಆಗಿದೆ ಸಾರ್, ಹಾರ್ಡ್ ಹಾಕಿಬಿಡೋಣ’ ಎಂದರು. ಹಾಕಿದರು. ತುಂಬಿದ ಕಾರು ಹೊಡೆಯುವುದು ಕಡಿಮೆಯಾಯಿತು, ಆದರೆ ಖಾಲಿ ಕಾರಿನ ಹಿಂಭಾಗ ಪ್ರತಿ ಉಬ್ಬಿಗೂ ಕುಪ್ಪಳಿಸತೊಡಗಿತು. ಎರಡೇ ವಾರಕ್ಕೆ ಅವನ್ನು ಬಿಚ್ಚಿಸಿ ಹಳೆಯದನ್ನೇ ವಾಪಸ್ ಹಾಕಿಸಿದೆ. ಆಮೇಲೆ ಟೇಪು, ವರ್ನಿಯರ್ ಕ್ಯಾಲಿಪರ್, ನಾಲ್ಕು ಮೂಟೆ ಅಕ್ಕಿ ಇಟ್ಟುಕೊಂಡು ನಾನೇ ಲೆಕ್ಕಕ್ಕೆ ಕೂತೆ.

ಅಂಗಡಿಯವರು ಹೇಳಿದ ಆ ಒಂದು ಮಾತಿನಲ್ಲಿ ಎರಡು ಬೇರೆ ಬೇರೆ ವಿಷಯಗಳು ಬೆರೆತುಹೋಗಿದ್ದವು. ಒಂದು, ಇಂತಿಷ್ಟು ಭಾರ ಹೊತ್ತಾಗ ಸ್ಪ್ರಿಂಗ್ ಎಷ್ಟು ಎತ್ತರದಲ್ಲಿ ನಿಲ್ಲುತ್ತದೆ. ಇನ್ನೊಂದು, ಭಾರ ಹೆಚ್ಚುಕಡಿಮೆಯಾದಾಗ ಅದು ಎಷ್ಟು ಕುಗ್ಗುತ್ತದೆ, ಎಷ್ಟು ಹಿಗ್ಗುತ್ತದೆ, ಅಂದರೆ ಅದರ ಬಿಗಿತ. ಎರಡು ಸ್ಪ್ರಿಂಗ್ ತೆಗೆದುಕೊಳ್ಳಿ. ಮೊದಲನೆಯದು ಬಿಡಿಯಾಗಿದ್ದಾಗ 300 ಮಿ.ಮೀ. ಉದ್ದ, ಒಂದು ಮಿ.ಮೀ. ಅದುಮಲು 2 ಕೆ.ಜಿ. ಭಾರ ಬೇಕು. ಎರಡನೆಯದು 267 ಮಿ.ಮೀ. ಉದ್ದ, ಮಿ.ಮೀ.ಗೆ 3 ಕೆ.ಜಿ. ಎರಡರ ಮೇಲೂ 200 ಕೆ.ಜಿ. ಇಡಿ. ಮೊದಲನೆಯದು 100 ಮಿ.ಮೀ. ಕುಗ್ಗುತ್ತದೆ, ಎರಡನೆಯದು 67. ಎರಡೂ ಸರಿಯಾಗಿ 200 ಮಿ.ಮೀ. ಎತ್ತರಕ್ಕೆ ಬಂದು ನಿಲ್ಲುತ್ತವೆ, ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣದು. ಇನ್ನೂ 60 ಕೆ.ಜಿ. ಹೇರಿದಾಗ ಮಾತ್ರ ಬಣ್ಣ ಬಯಲಾಗುತ್ತದೆ: ಒಂದು 30 ಮಿ.ಮೀ. ಇಳಿಯುತ್ತದೆ, ಇನ್ನೊಂದು 20. ‘ಹಾರ್ಡ್ ಸ್ಪ್ರಿಂಗ್ ಹಾಕಿದರೆ ಕಾರು ಎತ್ತರವಾಗುತ್ತದೆ’ ಎಂಬ ಮಾತು ಎಲ್ಲ ಗ್ಯಾರೇಜಿನಲ್ಲೂ ಕೇಳಿಬರುತ್ತದೆ. ಬಿಗಿ ಸ್ಪ್ರಿಂಗಿನಿಂದ ಕಾರು ಎತ್ತರವೂ ಆಗಬಹುದು, ತಗ್ಗಲೂಬಹುದು. ಅದನ್ನು ತೀರ್ಮಾನಿಸುವುದು ಬಿಡಿ ಉದ್ದ ಮತ್ತು ಬಿಗಿತ ಎರಡೂ ಸೇರಿ.

ಅದುಮಿದಷ್ಟೂ ಅದೇ ಪ್ರಮಾಣದಲ್ಲಿ ಸ್ಪ್ರಿಂಗ್ ತಿರುಗಿ ಒತ್ತುತ್ತದೆ ಎಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲೇ ಪ್ರಕಟಿಸಿದ್ದ. ಆದರೆ ಕಾಯಿಲ್ ಸ್ಪ್ರಿಂಗಿನ ಒಳಗೆ ನಡೆಯುವುದೇನು ಎಂದು ತಿಳಿಯಬೇಕಾದರೆ ನಮ್ಮ ಹಳೆಯ ಅಂಬಾಸಡರ್ ನೆನಪಿಸಿಕೊಳ್ಳುವುದು ಒಳ್ಳೆಯದು. ದಶಕಗಳ ಕಾಲ ಅದರ ಮುಂದಿನ ಚಕ್ರಗಳಿಗೆ ಕಾಯಿಲ್ ಸ್ಪ್ರಿಂಗ್ ಇರಲೇ ಇಲ್ಲ. ಕಾರಿನ ಉದ್ದಕ್ಕೆ ಮಲಗಿಸಿದ ಉಕ್ಕಿನ ನೇರ ಸರಳು, ಅಂದರೆ ಟಾರ್ಷನ್ ಬಾರ್, ಇತ್ತು. ಚಕ್ರ ಮೇಲೆದ್ದಾಗ ಸರಳು ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು, ಮತ್ತೆ ಬಿಚ್ಚಿಕೊಳ್ಳುತ್ತಿತ್ತು. ಅದೇ ಕಾಲದ ಪ್ರೀಮಿಯರ್ ಪದ್ಮಿನಿಯ ಮುಂದೆ ಇದ್ದದ್ದು ಕಾಯಿಲ್ ಸ್ಪ್ರಿಂಗ್. ನೋಡಲು ಅಜಗಜಾಂತರ, ಕೆಲಸ ಮಾತ್ರ ಒಂದೇ. ಅಂಬಾಸಡರ್ ಸರಳನ್ನೇ ಕಂಬಕ್ಕೆ ಸುತ್ತಿದ ಹಗ್ಗದಂತೆ ಸುರುಳಿ ಮಾಡಿದರೆ ಪದ್ಮಿನಿಯ ಸ್ಪ್ರಿಂಗ್. ಮೇಲಿನಿಂದ ಅದುಮಿದಾಗ ಅದರ ತಂತಿ ಮುಖ್ಯವಾಗಿ ಬಾಗುವುದಿಲ್ಲ, ತಿರುಚಿಕೊಳ್ಳುತ್ತದೆ.

ಇದು ಅರ್ಥವಾದರೆ ಮುಂದಿನ ಸೂತ್ರ ತಾನಾಗಿಯೇ ತಲೆಯಲ್ಲಿ ಕೂರುತ್ತದೆ. ದಪ್ಪ ಸರಳನ್ನು ತಿರುಚುವುದು ತೀರಾ ಕಷ್ಟ, ಉದ್ದ ಸರಳನ್ನು ತಿರುಚುವುದು ಸುಲಭ. ಸ್ಪ್ರಿಂಗ್ ಉಕ್ಕಿಗೆ ಲೆಕ್ಕ ಹೀಗಿದೆ: ತಂತಿಯ ವ್ಯಾಸವನ್ನು ನಾಲ್ಕು ಸಲ ಬರೆದು ಒಂದಕ್ಕೊಂದು ಗುಣಿಸಿ, ಅಂದರೆ ನಾಲ್ಕನೇ ಘಾತ ಮಾಡಿ, 1000ದಿಂದ ಗುಣಿಸಿ. ಬಂದದ್ದನ್ನು ಸುರುಳಿಯ ವ್ಯಾಸದ ಮೂರನೇ ಘಾತದಿಂದ ಭಾಗಿಸಿ, ಮತ್ತೆ ಕೆಲಸ ಮಾಡುವ ಸುತ್ತುಗಳ ಸಂಖ್ಯೆಯಿಂದ ಭಾಗಿಸಿ. ಅಳತೆಗಳೆಲ್ಲ ಮಿ.ಮೀ.ನಲ್ಲಿದ್ದರೆ ಉತ್ತರ ಮಿ.ಮೀ.ಗೆ ಎಷ್ಟು ಕೆ.ಜಿ. ಎಂದು ಸಿಗುತ್ತದೆ. ಸುರುಳಿಯ ವ್ಯಾಸ ಎಂದರೆ ಹೊರಗಿನ ಅಳತೆಯಿಂದ ಒಂದು ತಂತಿಯ ದಪ್ಪ ಕಳೆದದ್ದು. ಸೀಟಿನ, ಅಂದರೆ ಸ್ಪ್ರಿಂಗ್ ಕೂರುವ ತಟ್ಟೆಯ, ಮೇಲೆ ಚಪ್ಪಟೆಯಾಗಿ ಕೂತ ತುದಿಯ ಸುತ್ತನ್ನು ಎಣಿಕೆಗೆ ಸೇರಿಸಬಾರದು. 12 ಮಿ.ಮೀ. ತಂತಿ, 120 ಮಿ.ಮೀ. ಸುರುಳಿ, 5 ಸುತ್ತು ಇದ್ದರೆ 2.4 ಕೆ.ಜಿ. ಬರುತ್ತದೆ. ತಂತಿಯನ್ನು 13 ಮಿ.ಮೀ. ಮಾಡಿ ನೋಡಿ, ಬಿಗಿತ ಶೇ 38ರಷ್ಟು ಏರುತ್ತದೆ. ‘ಒಂದು ಮಿ.ಮೀ. ದಪ್ಪ ಅಷ್ಟೇ’ ಎಂದು ಅಂಗಡಿಯಲ್ಲಿ ಹೇಳಿದರೆ ಆ ‘ಅಷ್ಟೇ’ಯ ತೂಕ ಇದು.

ಕೆಲವು ಪೆಟ್ಟಿಗೆಗಳ ಮೇಲೆ ಬಿಗಿತವನ್ನು ಮಿ.ಮೀ.ಗೆ ಇಷ್ಟು ನ್ಯೂಟನ್ ಎಂದೋ, ಇಂಚಿಗೆ ಇಷ್ಟು ಪೌಂಡ್ ಎಂದೋ ಬರೆದಿರುತ್ತಾರೆ. ಮಿ.ಮೀ.ಗೆ 1 ಕೆ.ಜಿ. ಎಂದರೆ 9.8 ನ್ಯೂಟನ್, ಇಂಚಿನ ಲೆಕ್ಕದಲ್ಲಿ 56 ಪೌಂಡ್.

‘ಸ್ಪ್ರಿಂಗ್ ವೀಕ್ ಆಗಿದೆ’ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಸೂತ್ರದಲ್ಲಿ ವಯಸ್ಸು ಎಲ್ಲೂ ಬರುವುದಿಲ್ಲ. ಹತ್ತು ವರ್ಷ ಓಡಿದ ಸ್ಪ್ರಿಂಗಿನ ಬಿಡಿ ಉದ್ದ ಕಡಿಮೆಯಾಗಿರಬಹುದು, ಕಾರು ಕೂತಿರಬಹುದು, ಆದರೆ ಬಿಗಿತ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ. ತುಕ್ಕು ಹಿಡಿದರೆ ಮಾತ್ರ ಮಾತು ಬೇರೆ. 12 ಮಿ.ಮೀ. ತಂತಿಯನ್ನು ತುಕ್ಕು ತಿಂದು 11.5ಕ್ಕೆ ಇಳಿಸಿದರೆ ಬಿಗಿತ ಶೇ 16ರಷ್ಟು ಹೋಗುತ್ತದೆ. ಅದಕ್ಕಿಂತ ದೊಡ್ಡ ಅಪಾಯವೆಂದರೆ ತುಕ್ಕಿನ ಗುಳಿಯಿಂದಲೇ ಬಿರುಕು ಹುಟ್ಟಿ ತಂತಿ ಮುರಿಯುವುದು. ಕೆಸರು, ನೀರು ನಿಲ್ಲುವ ಕೆಳಗಿನ ಸುತ್ತು ಮೊದಲ ಬಲಿ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಕಾರು ನಿಲ್ಲಿಸುವವರು ಪ್ರತಿ ಮಳೆಗಾಲ ಮುಗಿದ ಮೇಲೆ ಟಾರ್ಚ್ ಹಿಡಿದು ಆ ಸುತ್ತನ್ನು ನೋಡಲೇಬೇಕು. ಬಣ್ಣ ಎದ್ದಿದ್ದರೆ ಅಲ್ಲಿಂದಲೇ ಕೆಲಸ ಶುರುವಾಗಿದೆ ಎಂದರ್ಥ.

ಈಗ ಅಕ್ಕಿ ಮೂಟೆಯ ವಿಷಯ. ಸೂತ್ರದಿಂದ ಸಿಗುವುದು ಸ್ಪ್ರಿಂಗಿನ ಬಿಗಿತ. ನಮಗೆ ಬೇಕಾದದ್ದು ಚಕ್ರದ ಬಳಿ ಎಷ್ಟು ಬಿಗಿತ ಸಿಗುತ್ತದೆ ಎಂಬುದು. ಸ್ಪ್ರಿಂಗ್ ಚಕ್ರದ ನೇರಕ್ಕೆ ಇರದೆ ಸನ್ನೆಯ ಮೇಲೆ ಒಳಗೆಲ್ಲೋ ಕೂತಿರುತ್ತದೆ. ಚಕ್ರ 10 ಮಿ.ಮೀ. ಎದ್ದಾಗ ಸ್ಪ್ರಿಂಗ್ 7 ಮಿ.ಮೀ. ಮಾತ್ರ ಕುಗ್ಗಿದರೆ ಅನುಪಾತ 0.7. ಚಕ್ರಕ್ಕೆ ಸಿಗುವ ಬಿಗಿತ 0.7 ಪಾಲಲ್ಲ, ಅದರ ವರ್ಗ, ಅಂದರೆ 0.49 ಪಾಲು. ಏಕೆಂದರೆ ಸನ್ನೆಯಿಂದ ಒತ್ತಡವೂ ತಗ್ಗುತ್ತದೆ, ಕುಗ್ಗುವ ದೂರವೂ ತಗ್ಗುತ್ತದೆ, ಎರಡು ಸಲ ಪೆಟ್ಟು. ಮುಂದಿನ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬವಾಗಿರುವ ಜೋಡಣೆ, ಚಕ್ರದ ಹತ್ತಿರವೇ ನಿಲ್ಲುವುದರಿಂದ ಅಲ್ಲಿ ಶೇ 90ರ ಆಸುಪಾಸು ಉಳಿಯುತ್ತದೆ. ಇನ್ನೊಂದು ಕಾರಿನ ಸ್ಪ್ರಿಂಗ್ ಬಿಗಿತವನ್ನು ನಮ್ಮ ಕಾರಿಗೆ ಹೋಲಿಸಿ ಕೊಳ್ಳುವುದು ಕೈಕೊಡುವುದು ಇದೇ ಕಾರಣಕ್ಕೆ.

ಹಿಂದಿನ ಸ್ಪ್ರಿಂಗ್ ಹಲವು ಕಾರುಗಳಲ್ಲಿ ನಡುವೆ ಉಬ್ಬಿದ ಪೀಪಾಯಿಯ ಆಕಾರದಲ್ಲಿರುತ್ತದೆ. ಅದಕ್ಕೆ ನನ್ನ ಸೂತ್ರ ಸರಿಯಾಗಿ ಹೊಂದುವುದಿಲ್ಲ. ಹಾಗಾಗಿ ನೇರವಾಗಿ ಅಳೆಯುವುದೇ ಲೇಸು. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಮುಂದಿನ ಚಕ್ರಕ್ಕೆ ಕಲ್ಲು ಕೊಡಿ. ಹಿಂಭಾಗವನ್ನು ಎರಡು ಮೂರು ಸಲ ಅದುಮಿ ಬಿಡಿ, ಕೀಲುಗಳಲ್ಲಿರುವ ರಬ್ಬರ್ ಬುಷ್‌ಗಳ ಬಿಗುವು ಸಡಿಲವಾಗಲಿ. ಚಕ್ರದ ನಡುಬಿಂದುವಿನಿಂದ ಅದರ ಮೇಲಿನ ಫೆಂಡರ್, ಅಂದರೆ ಬಾಡಿಯ ಕಮಾನಿನ, ಅಂಚಿನವರೆಗೆ ಅಳೆಯಿರಿ. ನೆಲದಿಂದ ಅಳೆದರೆ ಟೈರಿನ ಗಾಳಿಯೂ ಲೆಕ್ಕದೊಳಗೆ ನುಸುಳುತ್ತದೆ. ಆಮೇಲೆ 25 ಕೆ.ಜಿ.ಯ ನಾಲ್ಕು ಅಕ್ಕಿ ಮೂಟೆಗಳನ್ನು ಹಿಂದಿನ ಆಕ್ಸಲ್‌ನ ನೇರಕ್ಕೆ ಬರುವಂತೆ ಹೇರಿ. ಡಿಕ್ಕಿಯ ತುದಿಗೆ ಇಟ್ಟರೆ ಸನ್ನೆಯಾಗಿ ಆಕ್ಸಲ್ ಮೇಲೆ 100 ಕೆ.ಜಿ.ಗಿಂತ ಹೆಚ್ಚು ಬೀಳುತ್ತದೆ, ಮುಂದಕ್ಕೆ ಸರಿದರೆ ಕಡಿಮೆ. ಮತ್ತೆ ಅದುಮಿ ಬಿಟ್ಟು ಅಳೆಯಿರಿ. ನನ್ನ ಕಾರು 27 ಮಿ.ಮೀ. ಇಳಿಯಿತು. ಒಂದೊಂದು ಚಕ್ರಕ್ಕೆ 50 ಕೆ.ಜಿ., ಭಾಗಿಸು 27, ಅಂದರೆ ಮಿ.ಮೀ.ಗೆ 1.85 ಕೆ.ಜಿ. ಸನ್ನೆ, ಬುಷ್, ಆಕಾರ ಎಲ್ಲವೂ ಈ ಒಂದು ಸಂಖ್ಯೆಯಲ್ಲೇ ಬಂದುಬಿಟ್ಟಿವೆ.

ತೂಕಕ್ಕೆ ಲಾರಿಗಳ ವೇಬ್ರಿಡ್ಜ್ ಸಾಕು. ಮೊದಲು ಇಡೀ ಕಾರು, ಆಮೇಲೆ ಮುಂದಿನ ಚಕ್ರಗಳನ್ನಷ್ಟೇ ಹತ್ತಿಸಿ ಒಂದು ತೂಕ, ಹಿಂದಿನದನ್ನಷ್ಟೇ ಒಂದು. ನಾನೊಬ್ಬ ಕೂತಾಗ ಹಿಂದೆ 400 ಕೆ.ಜಿ., ಎಲ್ಲರೂ ಕೂತು ಸಾಮಾನು ಹೇರಿದಾಗ 600. ಚಕ್ರ, ಬ್ರೇಕು, ಆಕ್ಸಲ್ ಬೀಮಿನ ಪಾಲು ಸ್ಪ್ರಿಂಗಿನ ಕೆಳಗಿರುವ ಭಾರ, ಅದನ್ನು ಸ್ಪ್ರಿಂಗ್ ಹೊರುವುದಿಲ್ಲ. ಚಕ್ರಕ್ಕೆ 35 ಕೆ.ಜಿ. ಅದಕ್ಕೆಂದು ಕಳೆದರೆ ಒಂದು ಸ್ಪ್ರಿಂಗ್ ಹೊರುವುದು ಖಾಲಿಯಾದಾಗ 165, ತುಂಬಿದಾಗ 265 ಕೆ.ಜಿ.

ಈ ಎರಡು ಸಂಖ್ಯೆಗಳಿಂದ ಶಬ್ದದ ಗುಟ್ಟು ಒಡೆಯಿತು. 100 ಕೆ.ಜಿ. ಹೆಚ್ಚಾದರೆ ಹಿಂಭಾಗ 54 ಮಿ.ಮೀ. ಇಳಿಯುತ್ತದೆ. ನಾನೊಬ್ಬನೇ ಇದ್ದಾಗ, ಚಕ್ರ ತೀರಾ ಮೇಲೆದ್ದರೆ ತಡೆಯುವ ಬಂಪ್ ಸ್ಟಾಪ್ ರಬ್ಬರಿನವರೆಗೆ ಉಳಿದಿದ್ದ ಜಾಗವೇ 70 ಮಿ.ಮೀ. ತುಂಬಿದ ಕಾರಿಗೆ ಉಳಿದದ್ದು 16 ಮಿ.ಮೀ., ಅಷ್ಟರಲ್ಲಿ ಹಂಪ್ ದಾಟಬೇಕು. ರಸ್ತೆ ಉಬ್ಬುಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಅಳತೆ ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, ಅದೂ ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲು. ನಮ್ಮ ಬೀದಿಗಳಲ್ಲಿ ರಾತ್ರೋರಾತ್ರಿ ಏಳುವ ಹಂಪ್‌ಗಳಲ್ಲಿ ಆ ಅಗಲ ಎಲ್ಲಿದೆ? ಕಾಲುಭಾಗವೂ ಇಲ್ಲದ ಅಗಲದಲ್ಲಿ ಅಷ್ಟೇ ಎತ್ತರ ಇರುತ್ತದೆ. ಇನ್ನೊಂದು ಲೆಕ್ಕ ನನಗೇ ಹೊಸದಾಗಿತ್ತು: ಸಿಲಿಂಡರು, ಅದರ ಕಬ್ಬಿಣದ ತೊಟ್ಟಿಲು, ಪೈಪು ಎಲ್ಲ ಸೇರಿ ಹಿಂದಿನ ಆಕ್ಸಲ್ ಮೇಲೆ ಸುಮಾರು 80 ಕೆ.ಜಿ. ಚಕ್ರಕ್ಕೆ 40, ಅಂದರೆ 22 ಮಿ.ಮೀ. ಕಿಟ್ ಹಾಕಿಸಿದ ದಿನವೇ ಕಾರು ಅಷ್ಟು ಕೂತಿತ್ತು. ಸ್ಪ್ರಿಂಗ್ ವೀಕ್ ಆಗಿರಲಿಲ್ಲ. ಒಬ್ಬ ದೊಡ್ಡ ಆಳು ಹಗಲೂ ರಾತ್ರಿ ಡಿಕ್ಕಿಯಲ್ಲೇ ಕೂತಿದ್ದ ಹಾಗೆ ಆಗಿತ್ತು. ಹೋದದ್ದು ಎತ್ತರ, ಅಂಗಡಿಯವರು ಮಾರಿದ್ದು ಬಿಗಿತ.

ಹಾಗಾದರೆ ಬಿಗಿತ ಎಷ್ಟಿರಬೇಕು? ಇದನ್ನು ತೂಗಾಟದಿಂದ ಅಳೆಯುತ್ತಾರೆ. ಸ್ಪ್ರಿಂಗ್ ಮೇಲೆ ಕೂತ ಭಾರ ಜೋಕಾಲಿಯ ಹಾಗೆ ತನ್ನದೇ ಲಯದಲ್ಲಿ ಏಳುತ್ತದೆ, ಬೀಳುತ್ತದೆ. ಸೆಕೆಂಡಿಗೆ ಎಷ್ಟು ಸಲ ಎಂಬುದೇ ಅದರ ಕಂಪನಾಂಕ. ಹೊರುವ ಭಾರವನ್ನು ಚಕ್ರದ ಬಿಗಿತದಿಂದ ಭಾಗಿಸಿ, ಬಂದ ಮಿ.ಮೀ.ನ ವರ್ಗಮೂಲ ತೆಗೆದು, 15.8ನ್ನು ಆ ವರ್ಗಮೂಲದಿಂದ ಭಾಗಿಸಿದರೆ ಸಿಗುತ್ತದೆ. ಮನೆಯವರು ಕೂತು ಓಡಾಡುವ ಕಾರಿಗೆ 1ರಿಂದ 1.5 ಹಿತ. ರಭಸದಿಂದ ಓಡಿಸಲೆಂದೇ ಮಾಡಿದ ಕಾರುಗಳಲ್ಲಿ 1.5ರಿಂದ 2. ಅದಕ್ಕೂ ಮೇಲಿನದು ರೇಸಿಗೆ. ಹಿಂದಿನ ಚಕ್ರಗಳಿಗೆ ಭಾರದ ಏರಿಳಿತ ಹೆಚ್ಚು, ಹಾಗಾಗಿ ಖಾಲಿಯಿದ್ದಾಗ ಅಲ್ಲಿ ಸ್ವಲ್ಪ ಹೆಚ್ಚಿರುವುದು ಸಹಜ. ನನ್ನ ಕಾರಿನ ಹಿಂಭಾಗ ಖಾಲಿಯಿದ್ದಾಗ 1.67, ತುಂಬಿದಾಗ 1.32. ಅಂಗಡಿಯವರು ಹಾಕಿದ್ದ ಸ್ಪ್ರಿಂಗ್ ಒಂದೂವರೆ ಪಟ್ಟು ಬಿಗಿ. ಅದರಿಂದ ಖಾಲಿ ಕಾರು 2.05ಕ್ಕೆ ಏರಿತ್ತು. ಕುಪ್ಪಳಿಸದೆ ಇನ್ನೇನು ಮಾಡೀತು!

ಮುಂಭಾಗವನ್ನೂ ಅಳೆದಿದ್ದೆ, ಅದು 1.32. ಹಿಂಭಾಗ ಇದಕ್ಕಿಂತ ಸ್ವಲ್ಪ ಚುರುಕಾಗಿರಬೇಕು ಎಂಬುದನ್ನು 1930ರ ದಶಕದಲ್ಲಿ ಜನರಲ್ ಮೋಟರ್ಸ್‌ನಲ್ಲಿ ಮಾರಿಸ್ ಆಲೀ ಎಂಬ ಎಂಜಿನಿಯರ್ ಪ್ರಯೋಗಗಳಿಂದ ತೋರಿಸಿದ. ಕಾರಣ ಸರಳ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಮುಂದಿನ ಚಕ್ರ ಉಬ್ಬು ಹತ್ತಿ ಸುಮಾರು 0.15 ಸೆಕೆಂಡ್ ಆದ ಮೇಲೆ ಹಿಂದಿನದು ಹತ್ತುತ್ತದೆ. ತಡವಾಗಿ ಶುರು ಮಾಡಿದ ಹಿಂಭಾಗ ಸ್ವಲ್ಪ ಬೇಗ ತೂಗಿದರೆ ಮುಂಭಾಗದ ಜೊತೆ ಹೆಜ್ಜೆ ಸೇರಿಸಿಕೊಳ್ಳುತ್ತದೆ, ಕಾರು ಮಟ್ಟಸವಾಗಿ ಏಳುತ್ತದೆ. ಇಲ್ಲದಿದ್ದರೆ ಮೂಗು ಏಳುವಾಗ ಬಾಲ ಬೀಳುತ್ತದೆ, ದೋಣಿಯ ಹಾಗೆ. ತುಂಬಿದ ನನ್ನ ಕಾರಿನಲ್ಲಿ ಮುಂದೆ ಹಿಂದೆ ಎರಡೂ 1.32 ಆಗಿದ್ದವು. ಹೆದ್ದಾರಿಯಲ್ಲಿ ಅತ್ತೆಗೆ ಹೊಟ್ಟೆ ತೊಳಸುತ್ತಿದ್ದದ್ದು ಏಕೆಂದು ಆಗ ಹೊಳೆಯಿತು.

ಬೇಕಾದದ್ದು ಈಗ ಸ್ಪಷ್ಟ: ತುಂಬಿದಾಗಲೂ ಹಿಂಭಾಗ ಮುಂಭಾಗಕ್ಕಿಂತ ಚುರುಕಾಗಿರಲು ಸುಮಾರು ಶೇ 20ರಷ್ಟು ಹೆಚ್ಚಿನ ಬಿಗಿತ, ಕಿಟ್‌ನ ಭಾರಕ್ಕೆ ಕೂತದ್ದನ್ನು ಎತ್ತಲು 15 ಮಿ.ಮೀ.ನಷ್ಟು ಹೆಚ್ಚಿನ ಎತ್ತರ. ಅದು ಸಿಕ್ಕಿದ್ದು ಅಲಂಕಾರದ ಬಿಡಿಭಾಗಗಳ ಅಂಗಡಿಯಲ್ಲಲ್ಲ. ನನ್ನ ಕಾರಿನ ಅದೇ ಮಾದರಿಯನ್ನು ಕಂಪನಿಯೇ ಸಿಎನ್‌ಜಿ ಜೊತೆ ಮಾರುತ್ತದೆ, ಆ ಆವೃತ್ತಿಗೆ ಹಿಂದಿನ ಸ್ಪ್ರಿಂಗ್ ಬೇರೆ. ಅದರ ಪಾರ್ಟ್ ನಂಬರ್ ಹಿಡಿದು ತರಿಸಿದೆ. ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ: ನಿಮ್ಮ ಮಾದರಿಯ ಡೀಸೆಲ್, ಸಿಎನ್‌ಜಿ, ಆಟೋಮ್ಯಾಟಿಕ್ ಆವೃತ್ತಿಗಳ ಪಾರ್ಟ್ ನಂಬರ್‌ಗಳನ್ನು ಹೋಲಿಸಿ ನೋಡಿ. ಭಾರದ ಡೀಸೆಲ್ ಎಂಜಿನ್‌ಗೆ ಮಾಡಿದ ಮುಂದಿನ ಸ್ಪ್ರಿಂಗನ್ನು ಪೆಟ್ರೋಲ್ ಕಾರಿಗೆ ಹಾಕಿದರೆ ಮೂಗು ಮೇಲೆದ್ದು ನಿಲ್ಲುತ್ತದೆ. ಗುಜರಿಯಲ್ಲಿ ಕೊಳ್ಳುವವರು ಸ್ಪ್ರಿಂಗ್ ಮೇಲಿನ ಬಣ್ಣದ ಗುರುತುಗಳನ್ನೂ ನೋಡಬೇಕು, ಒಂದೇ ಮಾದರಿಯಲ್ಲೂ ದರ್ಜೆಗಳಿರುತ್ತವೆ. ಎಡಬಲ ಎರಡನ್ನೂ ಜೋಡಿಯಾಗಿಯೇ ಬದಲಿಸಬೇಕು.

ಶಾಕ್ ಅಬ್ಸಾರ್ಬರ್ ಮರೆಯುವಂತಿಲ್ಲ. ಸ್ಪ್ರಿಂಗ್ ಕೂಡಿಟ್ಟ ಶಕ್ತಿಯನ್ನು ಹಿಂದಿರುಗಿಸುವಾಗ ತಡೆದು ತಣಿಸುವುದು ಅದೇ. ಬಿಗಿತ ಶೇ 20 ಏರಿದರೆ ಬೇಕಾಗುವ ತಡೆ ಶೇ 10ರಷ್ಟು ಏರುತ್ತದೆ, ಒಳ್ಳೆಯ ಸ್ಥಿತಿಯಲ್ಲಿರುವ ಮೂಲ ಶಾಕ್ ಅಬ್ಸಾರ್ಬರ್ ನಿಭಾಯಿಸುತ್ತದೆ. ಬಿಗಿತ ಒಂದೂವರೆ ಪಟ್ಟಾದರೆ ತಡೆ ಶೇ 22 ಹೆಚ್ಚಬೇಕು. ಎಣ್ಣೆ ಸೋರುತ್ತಿರುವ ಹಳೆಯದರ ಜೊತೆ ಹೊಸ ಬಿಗಿ ಸ್ಪ್ರಿಂಗ್ ಹಾಕುವುದೆಂದರೆ ಲಗಾಮು ಸವೆದ ಕುದುರೆಗೆ ಚಾಟಿ ಬೀಸಿದಂತೆ.

ಕಾರು ತಗ್ಗಿಸುವ ಆಸೆ ಇರುವವರಿಗೆ ಒಂದು ಲೆಕ್ಕ. ಮೇಲೇಳಲು 80 ಮಿ.ಮೀ. ಜಾಗವಿದ್ದ ಚಕ್ರಕ್ಕೆ 35 ಮಿ.ಮೀ. ತಗ್ಗಿಸಿದ ಮೇಲೆ ಉಳಿಯುವುದು 45. ಅಷ್ಟರಲ್ಲೇ ಮೊದಲಿನಷ್ಟು ಏಟನ್ನು ನುಂಗಬೇಕಾದರೆ ಸ್ಪ್ರಿಂಗ್ ಮೂರು ಪಟ್ಟಿಗಿಂತ ಹೆಚ್ಚು ಬಿಗಿಯಾಗಬೇಕು. ಶೇ 25 ಬಿಗಿಯ ‘ಲೋಯರಿಂಗ್’ ಸ್ಪ್ರಿಂಗ್ ಹಾಕಿಸಿಕೊಂಡವರ ಕಾರು ಬಂಪ್ ಸ್ಟಾಪ್ ಮೇಲೆಯೇ ಸವಾರಿ ಮಾಡುವುದು ಇದಕ್ಕೇ. ಗ್ಯಾಸ್ ಕಟ್ಟರ್‌ನಲ್ಲಿ ಒಂದು ಸುತ್ತು ಕತ್ತರಿಸುವುದನ್ನಂತೂ ಖಂಡಿತ ಮಾಡಬೇಡಿ. ಆ ಬೆಂಕಿಗೆ ಉಕ್ಕಿನ ಹದ ಹೋಗುತ್ತದೆ, ಕತ್ತರಿಸಿದ ತುದಿ ಸೀಟಿನಲ್ಲಿ ಕೂರುವುದಿಲ್ಲ, ಚಕ್ರ ಗುಂಡಿಯಲ್ಲಿ ಜೋತುಬಿದ್ದಾಗ ಸ್ಪ್ರಿಂಗ್ ಜಾಗ ಬಿಟ್ಟು ಸರಿಯಬಹುದು. ಸುತ್ತುಗಳ ನಡುವೆ ಸಿಕ್ಕಿಸುವ ರಬ್ಬರ್ ಬಫರ್ ಕೂಡ ಕೆಲಸ ಮಾಡುವ ಸುತ್ತುಗಳನ್ನು ಕಡಿಮೆ ಮಾಡಿ ಬಿಗಿ ಹೆಚ್ಚಿಸುವ ಉಪಾಯವೇ. ಉಳಿದ ಸುತ್ತುಗಳ ಮೇಲೆ ತಿರುಚು ಹೆಚ್ಚುತ್ತದೆ, ನನಗದು ಒಪ್ಪಿಗೆಯಿಲ್ಲ. ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರಂತೆ ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ. ಬಿಗಿ ಸ್ಪ್ರಿಂಗ್ ಹಾಕಿದ ಮಾತ್ರಕ್ಕೆ ಕಾರು ಹೊರಬಹುದಾದ ಭಾರದ ಮಿತಿಯೂ ಏರುವುದಿಲ್ಲ, ಬ್ರೇಕು, ಟೈರು, ಆಕ್ಸಲ್ ಹಳೆಯವೇ.

ಜೋಡಿಸುವಾಗ ಹಿಂಭಾಗ ಸುಲಭ, ಮುಂಭಾಗ ಅಪಾಯ. ಟ್ವಿಸ್ಟ್ ಬೀಮ್, ಅಂದರೆ ಹಿಂದಿನ ಎರಡೂ ಚಕ್ರಗಳನ್ನು ಜೋಡಿಸುವ ಉಕ್ಕಿನ ತೊಲೆ, ಇರುವ ಕಾರಿನಲ್ಲಿ ಬಾಡಿಯನ್ನು ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ, ಬೀಮಿನ ಕೆಳಗೆ ಜಾಕ್ ಕೊಟ್ಟು, ಎರಡೂ ಶಾಕ್ ಅಬ್ಸಾರ್ಬರ್‌ಗಳ ಕೆಳಗಿನ ಬೋಲ್ಟ್ ಬಿಚ್ಚಿ ಬೀಮನ್ನು ಮೆಲ್ಲಗೆ ಇಳಿಸಿದರೆ ಸ್ಪ್ರಿಂಗ್ ಕೈಗೆ ಬರುತ್ತದೆ. ಬ್ರೇಕ್ ಹೋಸ್, ಎಬಿಎಸ್ ವೈರ್ ಎಳೆದುಕೊಳ್ಳದಂತೆ ನೋಡಿಕೊಳ್ಳಬೇಕು. ಮುಂದಿನ ಸ್ಟ್ರಟ್‌ನಲ್ಲಿ ಸ್ಪ್ರಿಂಗ್ ಅದುಮಿಕೊಂಡೇ ಕೂತಿರುತ್ತದೆ. ಮಿ.ಮೀ.ಗೆ 2 ಕೆ.ಜಿ.ಯ ಸ್ಪ್ರಿಂಗನ್ನು 150 ಮಿ.ಮೀ. ಅದುಮಿದರೆ ಅದು 300 ಕೆ.ಜಿ. ಬಲದಿಂದ ಒತ್ತುತ್ತಿರುತ್ತದೆ. ಬಿಚ್ಚುವಾಗ ಅದನ್ನು ಅದುಮಿ ಹಿಡಿಯುವ ಕಂಪ್ರೆಸರ್ ಉಪಕರಣದ ಕೊಕ್ಕೆ ಜಾರಿದರೆ ದವಡೆ, ಕೈ ಉಳಿಯುವುದಿಲ್ಲ. ಸರಿಯಾದ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದ ಗ್ಯಾರೇಜಿನಲ್ಲಿ ಹಗ್ಗ, ತಂತಿ ಕಟ್ಟಿ ಬಿಚ್ಚಲು ಹೊರಟರೆ ಅಲ್ಲಿಂದ ಕಾರು ತೆಗೆದುಕೊಂಡು ಬನ್ನಿ.

ಹೇಗೂ ಬಿಚ್ಚಿದಾಗ ಸ್ಟ್ರಟ್ ಮೌಂಟ್, ಅದರ ಬೇರಿಂಗ್, ಬಂಪ್ ಸ್ಟಾಪ್, ಸ್ಪ್ರಿಂಗ್ ಕೆಳಗಿನ ರಬ್ಬರ್ ಪ್ಯಾಡ್ ನೋಡಿ, ಹರಿದಿದ್ದರೆ ಬದಲಿಸಿ. ತಂತಿಯ ತುದಿ ಸೀಟಿನ ಮೆಟ್ಟಿಲಿಗೆ ತಾಗಿ ಕೂರಬೇಕು. ಇನ್ನು ಬಹುಪಾಲು ಗ್ಯಾರೇಜುಗಳು ತಪ್ಪು ಮಾಡುವ ಜಾಗ: ಲೋಯರ್ ಆರ್ಮ್ ಮತ್ತು ಬೀಮಿನ ರಬ್ಬರ್ ಬುಷ್ ಬೋಲ್ಟ್‌ಗಳನ್ನು ಸಡಿಲಿಸಿದ್ದರೆ, ಚಕ್ರ ಗಾಳಿಯಲ್ಲಿ ಜೋತಿರುವಾಗಲೇ ಬಿಗಿದುಬಿಡುತ್ತಾರೆ. ಕಾರು ಕೆಳಗಿಳಿದಾಗ ಆ ರಬ್ಬರ್ ತಿರುಚಿದ ಸ್ಥಿತಿಯಲ್ಲೇ ಉಳಿಯುತ್ತದೆ, ಎತ್ತರದ ಅಳತೆ ತಪ್ಪುತ್ತದೆ, ಕೆಲವೇ ತಿಂಗಳಲ್ಲಿ ಬುಷ್ ಹರಿಯುತ್ತದೆ. ಚಕ್ರಗಳ ಮೇಲೆ ಭಾರ ಬಿದ್ದ ಮೇಲೆಯೇ ಆ ಬೋಲ್ಟ್‌ಗಳನ್ನು ಪೂರ್ತಿ ಬಿಗಿಯಬೇಕು. ಎತ್ತರ ಸರಿಹೊಂದಿಸುವ ಕಾಯಿಲೋವರ್ ಹಾಕಿಸಿಕೊಂಡವರಿಗೂ ಒಂದು ಮಾತು: ಅದರ ಕಾಲರ್ ತಿರುಗಿಸಿದರೆ ಏರುವುದು ಎತ್ತರ, ಸ್ಪ್ರಿಂಗಿನ ಬಿಗಿತ ಅಷ್ಟೇ ಇರುತ್ತದೆ.

ಹೊಸ ಸ್ಪ್ರಿಂಗ್ ಹಾಕಿದ ಮೇಲೆ ಅದೇ ನಾಲ್ಕು ಮೂಟೆ ಮತ್ತೆ ಹೇರಿದೆ. ಇಳಿದದ್ದು 22.5 ಮಿ.ಮೀ., ಅಂದರೆ ಬಿಗಿತ 2.22. ಖಾಲಿ ಕಾರು ಮೊದಲಿಗಿಂತ 15 ಮಿ.ಮೀ. ಎತ್ತರ. ಕಂಪನಾಂಕ ಖಾಲಿಯಿದ್ದಾಗ 1.83, ತುಂಬಿದಾಗ 1.45. ಮನೆಯವರೆಲ್ಲ ಕೂತಾಗ ಬಂಪ್ ಸ್ಟಾಪ್‌ವರೆಗೆ ಈಗ 40 ಮಿ.ಮೀ. ಉಳಿಯುತ್ತದೆ. ಎತ್ತರ ಬದಲಾದ್ದರಿಂದ ವೀಲ್ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟ್‌ನ ಕೋನವನ್ನೂ ಸರಿ ಮಾಡಿಸಿದೆ. ಹಿಂಭಾಗ ಎದ್ದರೆ ಮುಂದಿನ ಬೆಳಕು ತಗ್ಗುತ್ತದೆ, ರಾತ್ರಿ ಪ್ರಯಾಣದಲ್ಲಿ ಅದು ದೊಡ್ಡ ವ್ಯತ್ಯಾಸ. 500 ಕಿ.ಮೀ. ಓಡಿದ ಮೇಲೆ ಅಳೆದಾಗ ಎಡಬಲ ಎರಡೂ 3 ಮಿ.ಮೀ. ಇಳಿದು ನಿಂತಿದ್ದವು. ಹೊಸ ಸ್ಪ್ರಿಂಗ್ ಅಷ್ಟು ಕೂರುವುದು ಸಹಜ. ಆ ಅಳತೆಗಳನ್ನು ಕಾರಿನ ಸರ್ವಿಸ್ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದೇನೆ. ಮುಂದಿನ ಸಲ ಕಾರು ಕೂತಿದೆ ಎನಿಸಿದಾಗ ಮೊದಲು ತೆಗೆಯುವುದು ಆ ಪುಟವನ್ನೇ.